ಅವಳ ಕೈಯಲ್ಲಿದ್ದದ್ದು ಮೊಬೈಲಲ್ಲ

ನನ್ನ ಫೋಟೋಗೆ ಹತ್ತಕ್ಕೆ ನಾಲ್ಕರ ಮೇಲೆ ಬಂದರೆ ನಮ್ಮ ಮನೆಯಲ್ಲಿ ಪಾಯಸ ಮಾಡುತ್ತಾರೆ. ತಮಾಷೆಗೆ ಹೇಳುತ್ತಿಲ್ಲ. ಒಮ್ಮೆ ನಾಲ್ಕೂ ಮುಕ್ಕಾಲು ಬಂದಾಗ ನನ್ನ ಹೆಂಡತಿ ನಿಜವಾಗಿಯೂ ಶಾವಿಗೆ ಪಾಯಸ ಮಾಡಿ, ಡಬ್ಬಿಗೆ ತುಂಬಿ ಅಂಗಡಿಗೇ ತಂದುಕೊಟ್ಟಳು. ಏನು ವಿಶೇಷ ಅಂತ ಪಕ್ಕದ ಅಂಗಡಿಯವರು ಕೇಳಿದರು. ಏನು ಹೇಳುವುದು? ನಾನು ತಡವರಿಸಿದ್ದು ನೋಡಿ, ಮೊಮ್ಮಗು ಹುಟ್ಟಿರಬೇಕು ಅಂದುಕೊಂಡು ಅವರು ಕೈ ಕುಲುಕಿಯೇಬಿಟ್ಟರು. ನಾನೂ ಹಲ್ಲು ಕಿರಿದು ಸುಮ್ಮನಾದೆ.

ಹುಣಸೂರಿನಲ್ಲಿ ನನ್ನದು ಪೈಪು, ಪಂಪ್‌ಸೆಟ್ಟು, ಔಷಧಿ ಹೊಡೆಯುವ ಕ್ಯಾನು ಮಾರುವ ಅಂಗಡಿ. ಅಪ್ಪನ ಕಾಲದಿಂದ ಬಂದದ್ದು. ನಲವತ್ತು ದಾಟಿದ ಮೇಲೆ ಕೆಲವರಿಗೆ ಶುಗರ್ ಬರುತ್ತದೆ, ನನಗೆ ಕ್ಯಾಮೆರಾ ಬಂತು. ಪಿರಿಯಾಪಟ್ಟಣದ ಒಬ್ಬ ಮದುವೆ ಫೋಟೋಗ್ರಾಫರ್ ಹೊಸದು ಕೊಂಡಾಗ ಅವನ ಹಳೆಯದನ್ನು ನಾನು ಕೊಂಡುಕೊಂಡೆ. ಅಲ್ಲಿಂದಾಚೆ ರಜೆಯ ದಿನ ನಾನು ಮನೆಯಲ್ಲಿ ಕಾಣಿಸಿಕೊಳ್ಳುವುದು ನಿಂತುಹೋಯಿತು. ಕೆ.ಆರ್. ನಗರದ ಗದ್ದೆ, ಹನಗೋಡಿನ ಹೊಳೆ, ಎಚ್.ಡಿ. ಕೋಟೆ ಕಡೆಯ ಹಿನ್ನೀರು, ಎಲ್ಲೆಂದರಲ್ಲಿ ಬಗ್ಗಿ, ಕೂತು, ಕೆಲವೊಮ್ಮೆ ಮಲಗಿ ಫೋಟೋ ತೆಗೆದದ್ದೇ ತೆಗೆದದ್ದು.

ಇಂಟರ್‌ನೆಟ್ಟಿನ ಸ್ಪರ್ಧೆಯ ಹುಚ್ಚು ಹಿಡಿಸಿದ್ದು ಮಾತ್ರ ನನ್ನ ಗೆಳೆಯ. ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಈಗ ಅವನು ಬೀಚನಹಳ್ಳಿಯ ಹತ್ತಿರದ ಒಂದು ರೆಸಾರ್ಟಿನಲ್ಲಿ ಜೀಪು ಓಡಿಸುತ್ತಾನೆ. ಬಂದ ಅತಿಥಿಗಳಿಂದ ಕಲಿತು ತಾನೂ ಫೋಟೋ ತೆಗೆಯುತ್ತಾನೆ, ನನಗಿಂತ ಚೆನ್ನಾಗಿಯೇ ತೆಗೆಯುತ್ತಾನೆ. ಅವನು ತೋರಿಸಿದ ವೆಬ್‌ಸೈಟಿನಲ್ಲಿ ವಾರಕ್ಕೊಂದು ವಿಷಯ ಕೊಡುತ್ತಾರೆ. ಒಬ್ಬರು ಒಂದು ಫೋಟೋ ಕಳಿಸಬಹುದು. ತೆಗೆದವರ ಹೆಸರು ಮುಚ್ಚಿಟ್ಟಿರುತ್ತಾರೆ, ಫೋಟೋದ ಶೀರ್ಷಿಕೆ ಮಾತ್ರ ಕಾಣುತ್ತದೆ. ಪ್ರಪಂಚದ ಯಾವ್ಯಾವ ಮೂಲೆಯವರೋ ಒಂದರಿಂದ ಹತ್ತರವರೆಗೆ ಅಂಕ ಕೊಡುತ್ತಾರೆ, ಕೆಳಗೆ ಮನಸ್ಸಿಗೆ ಬಂದದ್ದು ಬರೆಯುತ್ತಾರೆ. ಮತದಾನ ಮುಗಿಯುವವರೆಗೆ ಫೋಟೋ ತೆಗೆದವನು ತುಟಿ ಬಿಚ್ಚುವಂತಿಲ್ಲ. ಮೂಗಿನ ತುದಿಯಲ್ಲೇ ಕೋಪ ಇರುವ ನನ್ನಂಥವನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇಕಿಲ್ಲ.

ಕಡಿಮೆ ಅಂಕವನ್ನು ಹೇಗೋ ನುಂಗಿಕೊಳ್ಳಬಹುದು. ನುಂಗಲಾಗದ್ದು ಆ ಬರಹಗಳು. ಕೆ.ಆರ್. ನಗರದ ಗದ್ದೆಯಲ್ಲಿ ಟ್ರಾಕ್ಟರ್ ಉಳುವಾಗ ಹಿಂದೆ ಹಿಂದೆಯೇ ಬೆಳ್ಳಕ್ಕಿಗಳು ಬರುತ್ತವಲ್ಲ, ಅದರ ಫೋಟೋ ಕಳಿಸಿದ್ದೆ. ಒಬ್ಬ ಬರೆದ: ‘ಒಂದೇ ಹಕ್ಕಿಯನ್ನು ಕಂಪ್ಯೂಟರಿನಲ್ಲಿ ಅಂಟಿಸಿ ಅಂಟಿಸಿ ಇಷ್ಟು ಮಾಡಿದ್ದಾರೆ.’ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಎದ್ದು ನಿಲ್ಲುವ ಒಣ ಮರಗಳ ಫೋಟೋಗೆ, ‘ನೀರಿನ ಮಧ್ಯೆ ಮರ ಬೆಳೆಯುವುದಿಲ್ಲ, ಸುಳ್ಳು ಚಿತ್ರ’ ಅಂತ ಬಂತು. ಮರ ಮೊದಲು ಇತ್ತು, ನೀರು ಆಮೇಲೆ ಬಂತು ಕಣಪ್ಪಾ ಅಂತ ನಾನು ಕೂಗಿಕೊಂಡರೆ ಯಾರಿಗೆ ಕೇಳಬೇಕು? ಎದುರಿಗೆ ಗೇಟ್‌ವಾಲ್ವ್ ಕೊಳ್ಳಲು ನಿಂತಿದ್ದ ಗಿರಾಕಿಗೆ ಕೇಳಿಸಿತು, ಅಷ್ಟೆ. ಅವರು ಎರಡು ಹೆಜ್ಜೆ ಹಿಂದೆ ಸರಿದರು.

ಎಲ್ಲಕ್ಕಿಂತ ಹೆಚ್ಚು ಉರಿಸಿದ್ದು ಪಿರಿಯಾಪಟ್ಟಣದ ಕಡೆ ತೆಗೆದದ್ದು. ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಮುಂದೆ ಕೂತು ಹೆಂಗಸರು ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದರು. ಅದರಲ್ಲಿ ಒಬ್ಬಾಕೆ ಬಾಯ್ತುಂಬ ನಗುತ್ತಿದ್ದ ಫೋಟೋವನ್ನು ‘ದುಡಿಮೆ’ ಅನ್ನುವ ವಿಷಯಕ್ಕೆ ಕಳಿಸಿದೆ. ‘ನಿಜವಾಗಿ ದುಡಿಯುವವರು ಹೀಗೆ ನಗುವುದಿಲ್ಲ. ದುಡ್ಡು ಕೊಟ್ಟು ಕೂರಿಸಿದ್ದಾರೆ’ ಅಂತ ಒಬ್ಬರು ಎರಡು ಅಂಕ ಕೊಟ್ಟರು. ಆಕೆ ನಕ್ಕದ್ದು ಯಾಕೆ ಅಂದರೆ, ಒಳ್ಳೆಯ ಕೋನ ಹುಡುಕುತ್ತ ಹಿಂದಕ್ಕೆ ಹೋಗಿ ನಾನು ಹೊಸ ಶೂ ಸಮೇತ ಸಗಣಿ ಗುಂಡಿಯೊಳಗೆ ಕಾಲಿಟ್ಟಿದ್ದೆ. ಅದನ್ನು ಹೇಳೋಣ ಅಂದರೆ ಬಾಯಿ ಮುಚ್ಚಿಕೊಂಡಿರಬೇಕೆಂಬ ನಿಯಮ.

ನಾವೂ ಮತ ಹಾಕಬೇಕಿತ್ತು. ಬೇರೆಯವರ ಫೋಟೋಗೆ ಅಂಕ ಕೊಡದಿದ್ದರೆ ನಮ್ಮದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದ ಮೇಲೆ ಹೆಂಡತಿಯೂ ನಾನೂ ಕಂಪ್ಯೂಟರಿನ ಮುಂದೆ ಕೂರುತ್ತಿದ್ದೆವು. ಅವಳು ಅವರೆಕಾಯಿ ಸುಲಿಯುತ್ತಲೋ ಸೊಪ್ಪು ಬಿಡಿಸುತ್ತಲೋ ತೀರ್ಪು ಕೊಡುತ್ತಿದ್ದಳು. ಹಸುವೋ ಎಮ್ಮೆಯೋ ಇದ್ದರೆ ಕಣ್ಣು ಮುಚ್ಚಿಕೊಂಡು ಒಂಬತ್ತು. ಮಂಜಿನ ಬೆಟ್ಟ ಬಂದರೆ, ‘ಪಾಪ, ಚಳೀಲಿ ಅಲ್ಲೀಗಂಟ ಹೋಗವ್ರೆ, ಎಂಟು ಕೊಡಿ.’ ಒಮ್ಮೆ ಅಳುವ ಮಗುವಿನ ಫೋಟೋ ಬಂತು. ಬೆಳಕು ಎಷ್ಟು ಚೆನ್ನಾಗಿತ್ತೆಂದರೆ ನಾನು ಒಂಬತ್ತು ಒತ್ತಲು ಹೋದೆ. ಅವಳು ಕೈ ಹಿಡಿದಳು. ‘ಮಗಾ ಅಂಗೆ ಅಳ್ತಾ ಅದೆ. ಎತ್ಕೊಳ್ಳೋದ್ ಬುಟ್ಟು ಫೋಟೋ ತೆಗೀತಾ ನಿಂತವ್ನೆ. ಒಂದು ಕೊಡ್ರೀ ಅವ್ನಿಗೆ.’ ಒಂದೇ ಕೊಟ್ಟೆವು.

ಹೀಗಿರುವಾಗ ಒಂದು ವಾರ ‘ಏಕಾಂತ’ ಅನ್ನುವ ವಿಷಯ ಬಂತು. ನಾನು ವೀರನಹೊಸಹಳ್ಳಿಯವರೆಗೆ ಹೋಗಿ ಕಾಡಿನ ಅಂಚಿನಲ್ಲಿ ಒಂಟಿ ಮರ ಹುಡುಕಿ ಬಂದೆ. ಫೋಟೋದಲ್ಲಿ ನೋಡಿದರೆ ಮರದ ಹಿಂದೆ ಯಾರೋ ಇಬ್ಬರು ಕೂತು ಬುತ್ತಿ ಊಟ ಮಾಡುತ್ತಿದ್ದರು. ಮಾರನೆಯ ಬೆಳಗ್ಗೆ ಅಂಗಡಿಯ ಬೀಗದ ಕೈ ಹುಡುಕುತ್ತ ಮನೆಯ ಉಗ್ರಾಣದ ಕಡೆ ಹೋದೆ. ಬಾಗಿಲು ಒಂದಿಷ್ಟು ಸರಿದಿತ್ತು. ಒಳಗೆ ಹೆಂಡತಿ ಲಿಂಗಪೂಜೆಗೆ ಕೂತಿದ್ದಳು.

ನಮ್ಮವರಲ್ಲಿ ಕೊರಳಲ್ಲಿ ಧರಿಸಿದ ಇಷ್ಟಲಿಂಗವನ್ನು ಬೆಳಗ್ಗೆ ಮಿಂದು ಬಂದು ಎಡ ಅಂಗೈಯಲ್ಲಿ ಇಟ್ಟುಕೊಂಡು, ವಿಭೂತಿ ಹಚ್ಚಿ, ಪತ್ರೆ ಏರಿಸಿ, ಅದನ್ನೇ ದೃಷ್ಟಿಸಿ ನೋಡುತ್ತ ಕೂರುವುದು ರೂಢಿ. ಗುಡಿಯೂ ಬೇಡ, ಪೂಜಾರಿಯೂ ಬೇಡ. ಆದರೆ ಒಬ್ಬರ ಲಿಂಗ ಇನ್ನೊಬ್ಬರ ಕಣ್ಣಿಗೆ ಬೀಳಬಾರದು ಅಂತ ನಮ್ಮ ಎರಡೂ ಮನೆಗಳಲ್ಲಿ ಕಟ್ಟುನಿಟ್ಟು. ನಾನು ನನ್ನ ಪೂಜೆಯನ್ನು ಬಸ್ಸು ಹಿಡಿಯುವವನ ಹಾಗೆ ಮುಗಿಸಿ ಏಳುವವನು. ಅವಳದು ನಿಧಾನ. ಮದುವೆಯಾಗಿ ಇಷ್ಟು ವರ್ಷವಾದರೂ ಅವಳ ಲಿಂಗವನ್ನು ನಾನು ನೋಡಿರಲಿಲ್ಲ, ನೋಡಬೇಕು ಅಂತಲೂ ಅನಿಸಿರಲಿಲ್ಲ.

ಅವತ್ತು ನಾನು ನೋಡಿದ್ದು ಬಾಗಿಲಿನಿಂದ ಓರೆಯಾಗಿ ಕಂಡ ಅವಳ ಮುಖವನ್ನು. ಮೂಡಲ ಕಿಟಕಿಯ ಬಿಸಿಲು ಅವಳ ಮಡಿಲಿನ ಬಿಳಿ ವಸ್ತ್ರದ ಮೇಲೆ ಬಿದ್ದು, ಅಲ್ಲಿಂದ ಮೇಲಕ್ಕೆ ಅವಳ ಮುಖಕ್ಕೆ ಹೊಡೆಯುತ್ತಿತ್ತು. ತಲೆ ಮೇಲೆ ಸೆರಗು. ಹಜಾರದಲ್ಲಿ ಟಿವಿ ಹೊಡೆದುಕೊಳ್ಳುತ್ತಿದ್ದರೂ, ಕುಕ್ಕರು ಕೂಗುತ್ತಿದ್ದರೂ ಅವಳಿಗೆ ಯಾವುದರ ಪರಿವೆಯೂ ಇರಲಿಲ್ಲ. ಆ ಮುಖದಲ್ಲಿ ಎಂಥ ಶಾಂತಿ ಇತ್ತೆಂದರೆ ನನಗೆ ನನ್ನ ಹೆಂಡತಿ ಇಷ್ಟು ಚೆಂದವೇ ಅನಿಸಿತು. ಬೀಗದ ಕೈ ಮರೆತು ವಾಪಸು ಬಂದೆ.

ಪೂಜೆಗೆ ಕೂತಾಗ ಒಂದು ಫೋಟೋ ತೆಗೆಯಲೇ ಅಂತ ತಿಂಡಿಗೆ ಕೂತಾಗ ಮೆಲ್ಲಗೆ ಕೇಳಿದೆ. ಅವಳು ಕೇಳಿಸಲಿಲ್ಲ ಅನ್ನುವ ಹಾಗೆ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ನಾನು ಮತ್ತೆ ಕೇಳಲಿಲ್ಲ. ಆ ವಿಷಯದಲ್ಲಿ ಅವಳನ್ನು ಒತ್ತಾಯ ಮಾಡುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಫೋಟೋ ಕಳಿಸುವ ಕಡೆಯ ದಿನ ಬೆಳಗ್ಗೆ ಉಗ್ರಾಣದಿಂದ ಅವಳ ಕೂಗು ಬಂತು.

‘ಬನ್ನಿ. ಒಂದೇ ಒಂದು ತೆಗೀಬೇಕು. ಲಿಂಗ ಕಾಣಬಾರ್ದು ಕಣ್ರೀ, ಈಗ್ಲೇ ಹೇಳಿವ್ನಿ.’

ಅವಳ ಎಡಕ್ಕೆ, ಕೈಯ ಹಿಂಬದಿಗೆ ಬರುವ ಹಾಗೆ ಕೂತೆ. ಅಲ್ಲಿಂದ ನೋಡಿದರೆ ಎತ್ತಿ ಹಿಡಿದ ಅಂಗೈಯ ಹೊರಭಾಗ, ಅದರಾಚೆ ವಿಭೂತಿ ಹಚ್ಚುತ್ತಿದ್ದ ಬಲಗೈಯ ಒಂದು ಬೆರಳು, ಸೆರಗಿನ ನೆರಳಿನಲ್ಲಿ ಬೆಳಕಾದ ಮುಖ ಕಾಣುತ್ತಿದ್ದವು. ಲಿಂಗ ಕಾಣುತ್ತಿರಲಿಲ್ಲ. ಕ್ಯಾಮೆರಾ ಒಮ್ಮೆ ಸದ್ದು ಮಾಡಿತು, ಅಷ್ಟೆ. ನನ್ನ ಜನ್ಮದಲ್ಲಿ ಅದಕ್ಕಿಂತ ಒಳ್ಳೆಯ ಫೋಟೋ ತೆಗೆದಿಲ್ಲ, ಮುಂದೆ ತೆಗೆಯುವ ನಂಬಿಕೆಯೂ ಇಲ್ಲ. ‘ಬೆಳಗ್ಗೆ’ ಅಂತ ಇಂಗ್ಲಿಷಿನಲ್ಲಿ ಶೀರ್ಷಿಕೆ ಕೊಟ್ಟು ಕಳಿಸಿದೆ. ಈ ಸಲ ಏಳು ಗ್ಯಾರಂಟಿ ಅಂತ ಗೆಳೆಯನಿಗೆ ಫೋನ್ ಮಾಡಿ ಕೊಚ್ಚಿಕೊಂಡೂ ಬಿಟ್ಟೆ.

ಮತದಾನ ಶುರುವಾದ ದಿನವೇ ಮೊದಲನೆಯ ಬರಹ ಬಂತು: ‘ಕಣ್ಣು ಬಿಟ್ಟ ತಕ್ಷಣ ಮೊಬೈಲು! ಇಂಥವು ಎಷ್ಟು ನೋಡಿಲ್ಲ.’

ನನಗೆ ಮೊದಲು ಅರ್ಥವೇ ಆಗಲಿಲ್ಲ. ಇನ್ನೊಬ್ಬರದಕ್ಕೆ ಅಂಟಿಸಬೇಕಾದ್ದನ್ನು ನನ್ನದಕ್ಕೆ ಅಂಟಿಸಿದ್ದಾರೆ ಅಂದುಕೊಂಡೆ. ಆಮೇಲೆ ಸಾಲುಸಾಲಾಗಿ ಬಂದವು. ‘ಮುಖದ ಮೇಲೆ ಪರದೆಯ ಬೆಳಕು, ಹಳಸಲು ತಂತ್ರ.’ ‘ಬೆರಳಿನಲ್ಲಿ ಉಜ್ಜುತ್ತಿರುವುದು ಸ್ಪಷ್ಟವಾಗಿದೆ, ಫೋನು ತೋರಿಸಿದ್ದರೆ ಇನ್ನೂ ಚೆನ್ನಾಗಿತ್ತು.’ ನಮ್ಮ ದೇಶದವರೇ ಒಬ್ಬರು, ‘ನಮ್ಮ ಮನೆಯಲ್ಲೂ ಅಮ್ಮನ ಕಥೆ ಇದೇ, ಅಡುಗೆ ಸೀದುಹೋದರೂ ಎಚ್ಚರವಿಲ್ಲ’ ಅಂತ ನಗುವ ಗುರುತು ಹಾಕಿದ್ದರು. ಆಗ ಫೋಟೋ ತೆರೆದು ಅವರ ಕಣ್ಣಿನಲ್ಲಿ ನೋಡಿದೆ. ಎತ್ತಿ ಹಿಡಿದ ಕೈ, ಉಜ್ಜುವ ಬೆರಳು, ಕೆಳಗಿನಿಂದ ಬಿದ್ದ ಬಿಳಿ ಬೆಳಕು. ಅಯ್ಯೋ ದೇವರೇ ಅನಿಸಿತು. ಗೊತ್ತಿಲ್ಲದವರಿಗೆ ಅದು ಮೊಬೈಲಲ್ಲದೆ ಬೇರೇನೂ ಆಗಿರಲು ಸಾಧ್ಯವೇ ಇರಲಿಲ್ಲ.

ಅರ್ಥವಾಯಿತು ಅಂದಮಾತ್ರಕ್ಕೆ ಕೋಪ ಇಳಿಯುತ್ತದೆಯೇ? ನನಗೆ ಏನಾದರೂ ಅನ್ನಲಿ, ನನ್ನ ಶೂ ಸಗಣಿಯಲ್ಲಿ ಹೋಗಲಿ. ಅವಳನ್ನು ಅಂದರಲ್ಲ! ಅವಳಿಗೆ ಫೋನಿನಲ್ಲಿ ಮೆಸೇಜು ಓದಲೂ ಬೇಜಾರು, ರಿಂಗಾದರೆ ಯಾರಾದರೂ ಎತ್ತಿಕೊಳ್ಳಿ ಅಂತ ಕೂಗುವವಳು. ವಾರವಿಡೀ ಅಂಗಡಿಯಲ್ಲಿ ಗಿರಾಕಿಗಳ ಮೇಲೆ ಹರಿಹಾಯ್ದೆ. ಊಟ ಸೇರುತ್ತಿರಲಿಲ್ಲ. ಅವಳ ಮುಂದೆ ಕಂಪ್ಯೂಟರ್ ತೆರೆಯುವುದನ್ನೇ ಬಿಟ್ಟೆ. ಅವಳೇ ಒಂದು ಸಂಜೆ ಮೊರ ಹಿಡಿದು ಬಂದು ಪಕ್ಕದಲ್ಲಿ ಕೂತಳು.

‘ನಂದು ಏನಾಯ್ತು? ಓದಿ.’

‘ಬುಡು, ತಲೆ ಕೆಟ್ಟೋರು.’

‘ಓದಿ ಅಂದ್ನಲ್ಲ.’

ಒಂದೊಂದಾಗಿ ಕನ್ನಡ ಮಾಡಿ ಹೇಳಿದೆ. ಅವಳು ಅಳುತ್ತಾಳೋ ಬೈಯುತ್ತಾಳೋ ಅಂತ ಓರೆಗಣ್ಣಿನಲ್ಲಿ ನೋಡುತ್ತಿದ್ದೆ. ಅಡುಗೆ ಸೀದ ಮಾತಿಗೆ ಬಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ, ಮೊರದಲ್ಲಿದ್ದ ಅವರೆಕಾಳು ಅಲುಗಾಡಿ ಒಂದಷ್ಟು ನೆಲಕ್ಕೆ ಬಿದ್ದವು. ಕೊನೆಯ ಬರಹ ಹೀಗಿತ್ತು: ‘ಇದರಲ್ಲಿ ಏಕಾಂತ ಎಲ್ಲಿದೆ? ಕೈಯಲ್ಲಿ ಇಡೀ ಪ್ರಪಂಚವನ್ನೇ ಹಿಡಿದುಕೊಂಡಿದ್ದಾಳೆ.’

‘ಇವ್ನೊಬ್ಬ ಸರಿಯಾಗಿ ಹೇಳವ್ನೆ’ ಅಂದಳು.

ಕಾಳು ಆರಿಸುತ್ತ ತಾನಾಗಿಯೇ ಮಾತು ತೆಗೆದಳು. ಅವಳು ಹನಗೋಡಿನಿಂದ ಸೊಸೆಯಾಗಿ ಬಂದಾಗ ನಮ್ಮದು ತುಂಬಿದ ಮನೆ. ಅಣ್ಣತಮ್ಮಂದಿರು, ಅವರ ಮಕ್ಕಳು, ಬಂದು ಹೋಗುವ ನೆಂಟರು. ಬೆಳಗಿನಿಂದ ಅವಳ ಹೆಸರು ಹಿಡಿದು ಕೂಗದ ಬಾಯಿ ಇರಲಿಲ್ಲ, ನನ್ನದೂ ಸೇರಿದಂತೆ.

‘ಆ ಒಂದು ಗಳಿಗೆ ಮಾತ್ರ ಯಾರೂ ಕರೀತಿರಲಿಲ್ಲ ಕಣ್ರೀ. ಅತ್ತೆ ಸೈತ ಕರೀತಿರಲಿಲ್ಲ. ಪೂಜೆಗೆ ಕೂತವ್ಳೆ ಅಂದ್ರೆ ಮುಗೀತು. ಈ ಮನೇಲಿ ನಂದು ಅನ್ನೋದು ಅದೊಂದೇ ಇತ್ತು. ಒಂದೊಂದ್ಸಲ ಪೂಜೆ ಆಗೋಗಿದ್ರೂ ಅಂಗೇ ಕೂತಿರ್ತಿದ್ದೆ. ಶಿವ ಏನೂ ಅಂದ್ಕೊಳ್ಳಕಿಲ್ಲ ಬುಡಿ.’

ಇದನ್ನು ಅವಳು ದೂರಿನಂತೆ ಹೇಳಲಿಲ್ಲ. ಹೇಳಿ, ನೆಲದಲ್ಲಿ ಬಿದ್ದ ಕಾಳು ಆಯ್ದುಕೊಂಡು ಅಡುಗೆಮನೆಗೆ ಹೋದಳು. ನಾನು ಪರದೆಯ ಮುಂದೆ ಕೂತೇ ಇದ್ದೆ. ಇಷ್ಟು ವರ್ಷ ಒಂದೇ ಸೂರಿನಡಿ ಇದ್ದರೂ ನನಗಿದು ತಿಳಿದಿರಲಿಲ್ಲ. ಫೋಟೋದಲ್ಲಿ ಏನಿದೆ ಅಂತ ತಿಳಿಯದವರ ಸಾಲಿನಲ್ಲಿ ನಾನೂ ಇದ್ದೆ.

ಫಲಿತಾಂಶ ಬಂತು. ಮೂರೂ ಚಿಲ್ಲರೆ. ನನ್ನ ಲೆಕ್ಕದಲ್ಲಿ ಅದು ಪಾತಾಳ. ಮತದಾನ ಮುಗಿದಿದ್ದರಿಂದ ಬಾಯಿ ಬಿಡಬಹುದಿತ್ತು. ನನ್ನ ಅರೆಬರೆ ಇಂಗ್ಲಿಷಿನಲ್ಲಿ ಇಷ್ಟಲಿಂಗ ಅಂದರೇನು, ಯಾಕೆ ಕಾಣುತ್ತಿಲ್ಲ ಅಂತ ಉದ್ದಕ್ಕೆ ಬರೆದೆ. ಒಬ್ಬರು ‘ಕ್ಷಮಿಸಿ, ಗೊತ್ತಿರಲಿಲ್ಲ’ ಅಂದರು. ಇನ್ನೊಬ್ಬರು ‘ಫೋಟೋನೇ ಮಾತಾಡಬೇಕು, ಫೋಟೋಗ್ರಾಫರ್ ಅಲ್ಲ’ ಅಂದರು. ಉಳಿದವರು ಆಗಲೇ ಮುಂದಿನ ವಾರದ ವಿಷಯಕ್ಕೆ ಹೋಗಿಯಾಗಿತ್ತು.

ಗೆಳೆಯ ರಜೆ ಹಾಕಿ ನೋಡಲು ಬಂದ, ಆಸ್ಪತ್ರೆಗೆ ರೋಗಿಯನ್ನು ನೋಡಲು ಬಂದವನ ಹಾಗೆ ಬಾಳೆಹಣ್ಣು ಹಿಡಿದುಕೊಂಡು. ಕಾಫಿ ಕುಡಿಯುತ್ತ ಅಂದ, ‘ತಲೆ ಕೆಡಿಸ್ಕೋಬೇಡ ಕಣ್ಲಾ. ತಿಂಗಳ ಕೊನೆಗೆ ಇನ್ನೊಂದು ಸುತ್ತು ಅದೆ. ಸೋತಿರೋ ಫೋಟೋನ ಹೊಸದಾಗಿ ತೆಗೆದು ಮತ್ತೆ ಕಳಿಸ್ಬೋದು. ಇದನ್ನೇ ತೆಗಿ. ಅಂಗೈ ಸ್ವಲ್ಪ ಈಕಡೆ ತಿರುಗಿಸಿ, ಲಿಂಗ ಕಾಣೋ ಅಂಗೆ. ಎಂಟು ಬರ್ದಿದ್ರೆ ನನ್ನ ಕೇಳು.’

‘ಆಗಕಿಲ್ಲ ಕಣ್ಲಾ’ ಅಂದೆ.

‘ಯಾಕಾಗಕಿಲ್ಲ? ಮೊಬೈಲು ಅಂದೋರ ಬಾಯಿಗೆ ಮಣ್ಣು ಬೀಳ್ಬೇಕು ತಾನೆ?’

ಬೀಳಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಅವನು ಹೋದ ಮೇಲೂ ನಾನು ಜಗಲಿಯಲ್ಲಿ ಕೂತು ಮನಸ್ಸಿನಲ್ಲೇ ಆ ಫೋಟೋ ತೆಗೆಯುತ್ತಿದ್ದೆ, ಬೆಳಕು ಎಲ್ಲಿಂದ ಬೀಳುತ್ತದೆ, ಎಲ್ಲಿ ಕೂತರೆ ಸರಿ ಅಂತ. ಅವಳನ್ನು ಕೇಳುವ ಮಾತೇ ಇರಲಿಲ್ಲ, ಆದರೆ ಆಸೆಗೆ ಬೀಗ ಹಾಕಲು ಬರುತ್ತದೆಯೇ? ಊಟಕ್ಕೆ ಕರೆದರೂ ಹಸಿವಿಲ್ಲ ಅಂದೆ. ಅಡುಗೆಮನೆಗೂ ಜಗಲಿಗೂ ನಡುವೆ ಒಂದೇ ಗೋಡೆ. ಗೆಳೆಯನ ಗಂಟಲು ಜೀಪಿನ ಸದ್ದಿಗೆ ಪಳಗಿದ್ದು. ಅವಳಿಗೆ ಎಲ್ಲ ಕೇಳಿಸಿತ್ತು.

ಮಾರನೆಯ ಬೆಳಗ್ಗೆ ಉಗ್ರಾಣದಿಂದ ಕರೆದಳು. ‘ರೀ, ಕ್ಯಾಮೆರಾ ತಗೊಂಡ್ ಬನ್ನಿ.’

ಹೋದೆ. ಯಾವಾಗಲೂ ಕಿಟಕಿಗೆ ಮುಖ ಮಾಡಿ ಕೂರುವವಳು ಬಾಗಿಲ ಕಡೆಗೆ ತಿರುಗಿ ಕೂತಿದ್ದಳು. ವಿಭೂತಿ ಕಾಣಲಿ ಅಂತ ಸೆರಗನ್ನು ತಲೆಯಿಂದ ಸರಿಸಿದ್ದಳು. ಎಡಗೈಯನ್ನು ಎದೆಯ ಮಟ್ಟದಿಂದ ಇಳಿಸಿ, ಅಂಗೈಯನ್ನು ನನ್ನ ಕಡೆಗೆ ಬಾಗಿಸಿ ಹಿಡಿದಿದ್ದಳು. ಅಂಗೈ ನಡುವೆ ಅವಳ ಲಿಂಗ, ಕಪ್ಪಗೆ, ಪುಟ್ಟದಾಗಿ, ಮೇಲೊಂದು ಪತ್ರೆ.

‘ಈಗ ಕಾಣ್ತದಾ ನೋಡಿ’ ಅಂದಳು.

‘ಏನೇ ಇದು?’

‘ಕಂಡ್ರೆ ಎಂಟು ಬತ್ತದಂತಲ್ಲ. ತೆಗೀರಿ.’

‘ಯಾರೂ ನೋಡಬಾರ್ದು ಅಂತ ನೀನೇ ಅಂದಿದ್ದೆ.’

‘ಅಂದಿದ್ದೆ. ನೀವು ಅನ್ನ ಬುಟ್ಟು ಕೂತಿದ್ರಲ್ಲ, ಅದನ್ನ ನೋಡ್ಕಂಡು ನಾನು ಇಲ್ಲಿ ಕೂತು ಏನು ಪೂಜೆ ಮಾಡ್ಲಿ? ಬೇಗ ತೆಗೀರಿ, ಕೈ ನೋಯ್ತದೆ.’

ಕ್ಯಾಮೆರಾ ಕಣ್ಣಿಗೆ ಹಿಡಿದೆ. ಫೋಟೋಗ್ರಾಫರ್ ಆಗಿ ಹೇಳುತ್ತೇನೆ, ಚಿತ್ರ ಅದ್ಭುತವಾಗಿತ್ತು. ಈ ಸಲ ಯಾರೂ ತಪ್ಪು ತಿಳಿಯುವ ಹಾಗಿರಲಿಲ್ಲ. ಆದರೆ ಅವಳ ಮುಖ ಅವತ್ತಿನ ಮುಖವಾಗಿರಲಿಲ್ಲ. ಕಣ್ಣು ಲಿಂಗದ ಮೇಲೆ ಇರಲಿಲ್ಲ, ನನ್ನ ಮೇಲಿತ್ತು. ಸರಿ ಹೋಯಿತೋ ಇಲ್ಲವೋ ಅಂತ ಕೇಳುತ್ತಿತ್ತು. ಈ ಮನೆಯಲ್ಲಿ ಯಾರು ಕರೆದರೂ ಓಡಿ ಬಂದು ನಿಲ್ಲುವಾಗ ಅವಳ ಮುಖ ಹೇಗಿರುತ್ತದೋ ಹಾಗಿತ್ತು.

ಕ್ಯಾಮೆರಾ ಇಳಿಸಿದೆ.

‘ಯಾಕ್ರೀ? ಬೆಳಕು ಸಾಲ್ದಾ?’

‘ಬೆಳಕು ಚೆನ್ನಾಗದೆ.’

‘ಮತ್ತೆ?’

‘ನಂಗೆ ಬೇಡ ಕಣೇ. ಮೂರೇ ಸಾಕು. ಕೈ ತಿರುಗಿಸ್ಕೋ.’

ಅವಳು ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಅಂಗೈಯನ್ನು ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡು, ಸೆರಗನ್ನು ತಲೆಗೆ ಎಳೆದುಕೊಂಡು, ಇದ್ದ ಹಾಗೆ ಕಿಟಕಿಯ ಕಡೆಗೆ ತಿರುಗಿ ಕೂತಳು. ಮತ್ತೆ ನನ್ನ ಕಡೆ ನೋಡಲಿಲ್ಲ.

‘ಅಂಗಾದ್ರೆ ಎದ್ದೋಗಿ’ ಅಂದಳು. ‘ಬಾಗ್ಲು ಎಳ್ಕೊಳ್ಳಿ. ನಾನಿನ್ನೂ ಶುರುವೇ ಮಾಡಿಲ್ಲ.’

ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ. ಅವತ್ತು ಅವಳ ಮೇಲೆ ನನಗೆ ಬಂದಷ್ಟು ಪ್ರೀತಿ ಮದುವೆಯಾದ ಹೊಸದರಲ್ಲೂ ಬಂದಿರಲಿಲ್ಲ.